ಒಂದೇ ನೀರಿನ ಎರಡು ಕೆಂಪು

ಕಡಲಿಗೆ ಜ್ವರ ಬಂದರೆ ಕಡಲನ್ನು ಎಲ್ಲಿಟ್ಟು ಸಾಕುವುದು? ಮನೆಯಲ್ಲಿ. ಈ ಮಾತನ್ನು ನನ್ನ ಅತ್ತೆಯ ಕಾಲದಲ್ಲಿ ಯಾರಾದರೂ ಹೇಳಿದ್ದರೆ ಅವನ ನೆತ್ತಿಗೆ ತಂಪೆಣ್ಣೆ ತಟ್ಟಿಸುತ್ತಿದ್ದರು. ಈಗ ನಮ್ಮ ಬಡಾಕೋಡಿಯಲ್ಲಿ ಮನೆಗೊಂದು ಕಡಲಿದೆ. ನಮ್ಮ ಮನೆಯಲ್ಲಿ ಎರಡು. ಎರಡು ಯಾಕೆಂದರೆ ಸೊಸೆಯಂದಿರು ಇಬ್ಬರು.

ನಮ್ಮ ದಡದಲ್ಲಿ ನಿಂತರೆ ಹಕ್ಕಿಕಲ್ಲು ಕಾಣುತ್ತದೆ, ನೀರಿನ ನಡುವೆ ಕುಳಿತ ಎಮ್ಮೆಯ ಹಾಗೆ. ಅದರ ಬುಡದಲ್ಲಿ ಹವಳದ ತೋಟವಿದೆ, ಮೀನು ಮರಿ ಹಾಕುವುದು ಅಲ್ಲೇ ಎಂದು ಗಂಡಸರು ಹೇಳುತ್ತಿದ್ದರು. ನಾವು ಹೆಂಗಸರು ನೋಡಿದವರಲ್ಲ. ನಮ್ಮಲ್ಲಿ ಹೆಂಗಸು ದೋಣಿ ಹತ್ತುವ ಕ್ರಮ ಇರಲಿಲ್ಲ. ದೋಣಿ ದಡ ಮುಟ್ಟಿದ ಮೇಲಿನ ಮೀನು ನಮ್ಮದು. ಬುಟ್ಟಿ ಹೊತ್ತು ಬೈಂದೂರು ಪೇಟೆಯವರೆಗೆ ನಡೆಯುವ ದಾರಿ ನಮ್ಮದು. ಅದರಾಚೆ ಇರುವ ನೀರೆಲ್ಲ ಅವರದು. ಬುಟ್ಟಿ ಇಳಿಸಿ ಬೆವರು ಒರೆಸಿಕೊಳ್ಳುವಾಗ ನಾನು ಆ ಎಮ್ಮೆಯ ಬೆನ್ನನ್ನು ನೋಡುತ್ತಿದ್ದೆ. ನೋಡುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಆಮೇಲೆ ಕಡಲು ಬಿಸಿಯಾಯಿತು. ಹಕ್ಕಿಕಲ್ಲಿನ ಹವಳ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ಸತ್ತಿತು, ಮೀನು ದೂರ ಹೋಯಿತು. ಊರಲ್ಲಿ ಹವಳ ಕೇಂದ್ರ ತೆರೆದರು. ಉಳಿದ ಹವಳದ ಮರಿಗಳನ್ನು ಕಲ್ಲಿನ ಮೇಲೆ ಕೂರಿಸಿ, ಗಾಜಿನ ಟ್ಯಾಂಕಿಯ ತಂಪು ಉಪ್ಪುನೀರಿನಲ್ಲಿ ಮನೆಮನೆಗೆ ಕೊಟ್ಟರು. ಬಿಸಿ ತಡೆಯುವ ಹಾಗೆ ಅವನ್ನು ಮೆಲ್ಲಮೆಲ್ಲಗೆ ಪಳಗಿಸಬೇಕು, ಬಲಿತ ಮೇಲೆ ಕಲ್ಲನ್ನು ಹಕ್ಕಿಕಲ್ಲಿನ ಬುಡಕ್ಕೆ ಇಳಿಸಬೇಕು. ಹವಳ ಸಾಕಿದವರೇ ದೋಣಿಯಲ್ಲಿ ಹೋಗಿ ಕಲ್ಲು ಇಳಿಸಬೇಕು ಎಂದು ಕೇಂದ್ರದವರು ನಿಯಮ ಮಾಡಿದರು. ಸಾಕುವವರೆಲ್ಲ ಹೆಂಗಸರು. ಊರ ಗಂಡಸರು ಗೊಣಗಿದರು. ಮೀನಿಲ್ಲದ ಕಡಲಲ್ಲಿ ಕ್ರಮ ಹಿಡಿದು ಕೂತು ಮಾಡುವುದೇನು ಎಂದು ಕೊನೆಗೆ ಸುಮ್ಮನಾದರು.

ದೋಣಿಯಲ್ಲಿ ಮನೆಗೊಂದೇ ಜಾಗ ಎಂದರು. ನಮ್ಮ ಮನೆಗೆ ಬೆಂಕಿ ಬಿದ್ದದ್ದು ಅಲ್ಲಿ.

ಹಿರಿಯ ಸೊಸೆ ಜಲಜಾಕ್ಷಿ, ನನ್ನ ದೊಡ್ಡ ಮಗ ಶೀನನ ಹೆಂಡತಿ. ಕಿರಿಯವಳು ಸೌಪರ್ಣಿಕಾ, ಎರಡನೆಯ ಮಗ ರಾಘುವಿನ ಹೆಂಡತಿ. ಹಿರಿಯವಳೆಂದು ಜಲಜಾಕ್ಷಿಯ ಟ್ಯಾಂಕಿ ಚಾವಡಿಯಲ್ಲಿ, ಬಂದವರ ಕಣ್ಣಿಗೆ ಬೀಳುವ ಹಾಗೆ. ಸೌಪರ್ಣಿಕಾಳದು ಒಳಗೆ, ಅಡಿಗೆಮನೆಯ ಬಾಗಿಲ ಬಳಿ. ಎರಡಕ್ಕೂ ಪಂಪು ಒಂದೇ. ಒಳಗಿನ ಟ್ಯಾಂಕಿ ತುಸು ಕೆಳಗಿದೆ, ಅದರ ನೀರನ್ನು ಪಂಪು ಎತ್ತಿ ಚಾವಡಿಗೆ ಹಾಕುತ್ತದೆ. ಚಾವಡಿಯದು ತುಂಬಿ ಒಳಗಿನದಕ್ಕೆ ಇಳಿಯುತ್ತದೆ. ಹೀಗೆ ನೀರು ಹಗಲಿರುಳು ಇಬ್ಬರ ನಡುವೆ ಸುತ್ತುತ್ತಿತ್ತು. ಮಾತು ಮಾತ್ರ ಅಷ್ಟು ಸರಾಗವಾಗಿ ಸುತ್ತುತ್ತಿರಲಿಲ್ಲ. ಕರೆಂಟು ನನ್ನ ಹೆಸರಿನಲ್ಲಿ ಇದ್ದುದರಿಂದ ಕೇಂದ್ರದವರು ಪಂಪನ್ನೂ ನನ್ನ ಹೆಸರಿಗೇ ಹಾಕಿ ಹೋಗಿದ್ದರು.

ಹವಳ ಸಾಕುವುದು ಎಂದರೆ ನಿಜವಾಗಿ ಪಾಚಿ ಸಾಕುವುದು. ಅದೂ ಕೆಂಪು ಪಾಚಿ. ಒಂದು ಬಗೆಯದು, ಸುಣ್ಣಗೆಂಪು, ಕಲ್ಲಿನ ಮೇಲೆ ಗುಲಾಬಿ ಬಣ್ಣ ಬಳಿದ ಹಾಗೆ ಗಟ್ಟಿಯಾಗಿ ಕೂರುತ್ತದೆ. ಹವಳದ ಎಳೆಮರಿ ತೇಲಿ ಬಂದು ಕಾಲೂರುವುದು ಅದರ ಮೇಲೇ. ಇನ್ನು ಕೆಲವು ಹವಳದ ಉಸಿರು ಕಟ್ಟಿಸುತ್ತವೆ. ಕಣ್ಣಿಗೆ ಗುರುತು ಸಿಗುವುದಿಲ್ಲ. ನೆರಳಲ್ಲಿ ರಕ್ತದ ಹಾಗೆ ಕೆಂಪಗಿದ್ದದ್ದು ಬೆಳಕಿಗೆ ಬಂದರೆ ಹಳದಿಯಾಗಿ ಒಣಹುಲ್ಲಿನ ಹಾಗೆ ಕಾಣುತ್ತದೆ. ಅದಕ್ಕಾಗಿ ಕೇಂದ್ರದವರು ಗುರುತುದೀಪ ಕೊಟ್ಟಿದ್ದರು. ನೀಲಿ ಬೆಳಕು ಬಿಡುವ, ಅಂಗೈಯಷ್ಟು ದೊಡ್ಡ ದೀಪ. ಕೆಂಪು ಪಾಚಿ ಆ ಬೆಳಕನ್ನು ಕುಡಿದು ಕೆಂಡದ ಬಣ್ಣದಲ್ಲಿ ಹಿಂದಕ್ಕೆ ಕೊಡುತ್ತದಂತೆ. ಯಾವುದು ಎಷ್ಟು ಕೊಟ್ಟಿತು, ಅದರ ಆಕಾರ ಎಂತದು ಎಂದು ನೋಡಿ ದೀಪ ಹೆಸರು ಹೇಳುತ್ತದೆ, ಹೆಣ್ಣುದನಿಯಲ್ಲಿ, ಪುಸ್ತಕ ಓದಿದ ಹಾಗೆ.

"ಗುರುತು ಸಿಕ್ಕಿದೆ. ಸುಣ್ಣಗೆಂಪು. ದಯವಿಟ್ಟು ಮುಟ್ಟಬೇಡಿ."

"ಕಾಣಿ ಅತ್ತೆ, ಎಷ್ಟ್ ಮರ್ಯಾದಿ ಇದ್ಕೆ," ಎಂದು ಸೌಪರ್ಣಿಕಾ ಹೇಳುತ್ತಿದ್ದಳು. "ಈ ಮನ್ಯಂಗೆ ದಯವಿಟ್ಟು ಅಂಬುದ್ ಇದೊಂದೇ."

ಯಾರಿಗೆ ಹೇಳಿದ್ದು ಎಂದು ಚಾವಡಿಯಲ್ಲಿದ್ದವಳಿಗೆ ಗೊತ್ತಾಗುತ್ತಿತ್ತು.

ಹೊಟ್ಟೆಕಿಚ್ಚು ಎಂಬುದು ದೊಡ್ಡ ಸಂಗತಿಗೆ ಹುಟ್ಟುವುದಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಸೌಪರ್ಣಿಕಾ ಮಾಡಿದ ಬಂಗುಡೆ ಸಾರನ್ನು ಶೀನ ಎರಡು ಸಲ ಬಡಿಸಿಕೊಂಡ. ಅಷ್ಟೇ. ಜಲಜಾಕ್ಷಿ ಅದನ್ನು ಇವತ್ತಿಗೂ ಮರೆತಿಲ್ಲ. ಸೌಪರ್ಣಿಕಾಳಿಗೆ ಇನ್ನೊಂದು ಉರಿ: ಹಬ್ಬಕ್ಕೆ ಬಂದವರೆಲ್ಲ ಚಾವಡಿಯ ಟ್ಯಾಂಕಿ ನೋಡಿ "ಹೋ, ಎಷ್ಟ್ ಚಂದ" ಎಂದು ಕಾಫಿ ಕುಡಿದು ಹೋಗುತ್ತಾರೆ, ಒಳಗೂ ಒಂದಿದೆ ಎಂದು ಕೇಳುವವರೇ ಇಲ್ಲ.

ಚಂದವೇನೋ ಹೌದು. ಜಲಜಾಕ್ಷಿಯ ಟ್ಯಾಂಕಿಯಲ್ಲಿ ಒಂದು ಪಾಚಿ ತಾನಾಗಿ ಹುಟ್ಟಿತ್ತು. ಗುಲಾಬಿ ಬಣ್ಣದ ಗರಿ, ಬೆಕ್ಕಿನ ಬಾಲದಷ್ಟು ಮೆತ್ತಗೆ, ನೀರು ಬಂದ ಕಡೆಗೆಲ್ಲ ಬಾಗುತ್ತಿತ್ತು. ದೀಪ ಹಿಡಿದಾಗ "ಗರಿಗೆಂಪು. ಸದ್ಯಕ್ಕೆ ತೊಂದರೆಯಿಲ್ಲ" ಎಂದಿತ್ತು. ಅವಳು ಅದನ್ನು ಮಗಳ ಜಡೆ ನೇವರಿಸಿದ ಹಾಗೆ ನೇವರಿಸುತ್ತಿದ್ದಳು. ಸೌಪರ್ಣಿಕಾ ಹಾದುಹೋಗುವಾಗ ಜಲಜಾಕ್ಷಿ ಗಾಜಿನ ಮೇಲೆ ಗಂಡನ ಹಳೇ ಲುಂಗಿ ಎಳೆಯುತ್ತಿದ್ದಳು.

"ಎಂತಕ್ ಅಕ್ಕ, ನನ್ ದೃಷ್ಟಿ ತಾಗತ್ತಾ?"

"ನಿನ್ನದ್ ಅಂತ ಯಾರ್ ಹೇಳದ್? ಬಿಸಿಲ್ ತಾಗತ್ತ್."

ಚಾವಡಿಗೆ ಬಿಸಿಲು ಬರುವುದೇ ಇಲ್ಲ.

ಅದೇ ಸಮಯಕ್ಕೆ ಒಳಗಿನ ಟ್ಯಾಂಕಿಯಲ್ಲಿ ಇನ್ನೊಂದು ಶುರುವಾಯಿತು. ಹಿಂಜಿದ ಹತ್ತಿಯನ್ನು ಕುಂಕುಮದ ನೀರಿಗೆ ಅದ್ದಿ ಉಂಡೆ ಮಾಡಿದ ಹಾಗೆ ಪುಟ್ಟಪುಟ್ಟ ನಯದ ಉಂಡೆಗಳು. ಕಲ್ಲಿನ ಮೇಲೆ, ಹವಳದ ಕವಲಲ್ಲಿ, ಪೈಪಿನ ಬಾಯಲ್ಲಿ. ದೀಪ ಹಿಡಿದರೆ, "ಗುರುತು ಸಿಕ್ಕಿದೆ. ಉಂಡೆಗೆಂಪು. ದಯವಿಟ್ಟು ತೆಗೆಯಿರಿ."

ಸೌಪರ್ಣಿಕಾ ತೆಗೆದಳು. ಮರುವಾರ ಮತ್ತೆ ಬಂತು. ಮತ್ತೆ ತೆಗೆದಳು. ಹುಬ್ಬಿನ ಕೂದಲು ಕೀಳುವ ಚಿಮಟ ಹಿಡಿದು, ಸೆರಗು ಸಿಕ್ಕಿಸಿ, ಮೂಗು ನೀರಿಗೆ ತಾಗುವಷ್ಟು ಬಗ್ಗಿ ಒಂದೊಂದನ್ನೇ ಕಿತ್ತು ಬಟ್ಟಲಿಗೆ ಹಾಕುತ್ತಿದ್ದಳು. ಚಾವಡಿಯಿಂದ ಜಲಜಾಕ್ಷಿಯ ದನಿ ಬರುತ್ತಿತ್ತು: "ಅತ್ತೆ, ನೀರಿಗೂ ಗೊತ್ತಾತ್ತ್ ಅಲ್ದಾ, ಯಾರ್ ಕೈ ಎಂತದ್ ಅಂತ?"

ಆ ದಿನಗಳಲ್ಲಿ ಇಬ್ಬರು ಬಡಿಸಿದ ಅನ್ನಕ್ಕೂ ಒಂದೇ ವಾಸನೆ ಇತ್ತು. ಗಾಯಕ್ಕೆ ಹಚ್ಚುವ ಟಿಂಚರಿನ ವಾಸನೆ. ಉಪ್ಪುನೀರಿನ ಕೈ ಹೀಗೆ ನಾರುತ್ತದೆ ಎಂದುಕೊಂಡು ನಾನು ಉಂಡೆ. ನನ್ನ ಮಕ್ಕಳಿಬ್ಬರೂ ಆಗ ಹೆಚ್ಚಾಗಿ ಹೋಟೆಲಿನಲ್ಲಿ ತಿಂಡಿ ಮುಗಿಸಿಕೊಂಡು ಬರುತ್ತಿದ್ದರು. ಮೀನಿಲ್ಲದ ಊರಲ್ಲಿ ಗಂಡಸರಿಗೆ ತಪ್ಪಿಸಿಕೊಳ್ಳಲು ಜಾಗ ಬಹಳ.

ಕಲ್ಲು ಇಳಿಸುವ ದೋಣಿ ಹೊರಡುವ ಹುಣ್ಣಿಮೆ ಹತ್ತಿರ ಬಂದ ಹಾಗೆ ಜಲಜಾಕ್ಷಿಗೆ ಒಂದು ಹೆದರಿಕೆ ಹಿಡಿಯಿತು. ಒಳಗಿನ ಆ ದರಿದ್ರ ಉಂಡೆ ಪಂಪಿನಲ್ಲಿ ಏರಿ ತನ್ನ ಟ್ಯಾಂಕಿಗೆ ಬಂದರೆ? ಸೌಪರ್ಣಿಕಾ ಬೇಕೆಂದೇ ಬಿಡುತ್ತಾಳೇನೋ? ಒಂದು ಬೆಳಿಗ್ಗೆ ಅವಳು ಹಳೆಯ ಮಲ್ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ, ತನ್ನ ಟ್ಯಾಂಕಿಗೆ ನೀರು ಸುರಿಯುವ ಪೈಪಿನ ಬಾಯಿಗೆ ಬಿಗಿಯಾಗಿ ಕಟ್ಟಿದಳು. ಗಸಿ ಸೋಸುವುದಕ್ಕೆ ನಾವೆಲ್ಲ ಹಾಗೆ ಕಟ್ಟುತ್ತೇವಲ್ಲ, ಹಾಗೆ. ಕೆಳಗಿನಿಂದ ಬರುವುದನ್ನು ತಡೆದಳು. ತನ್ನಿಂದ ಕೆಳಗೆ ಇಳಿಯುವ ಪೈಪನ್ನು ಅವಳು ಯಾಕೆ ನೋಡಿಯಾಳು? ಮೇಲಿನಿಂದ ಕೆಟ್ಟದ್ದು ಇಳಿಯುತ್ತದೆ ಎಂದು ಯಾವ ಹಿರಿಯ ಸೊಸೆ ಒಪ್ಪುತ್ತಾಳೆ?

ಮಧ್ಯಾಹ್ನದ ಹೊತ್ತಿಗೆ ಪಂಪು ದಮ್ಮು ಕಟ್ಟಿದ ಮುದುಕನ ಹಾಗೆ ಕೆಮ್ಮಲು ಶುರುಮಾಡಿತು. ಪಂಚೆಯ ಎಳೆಗಳಲ್ಲಿ ಕೆಂಪು ನಯ ಸಿಕ್ಕಿ ಗೋಂದಿನ ಹಾಗೆ ಗಟ್ಟಿಯಾಗಿತ್ತು. ನೀರು ನಿಂತಿತು. ನಿಂತ ನೀರು ಬೆಚ್ಚಗಾಯಿತು. ಎರಡೂ ಟ್ಯಾಂಕಿಯ ಹವಳಗಳು ಬಾಯಿ ಮುಚ್ಚಿ ಒಳಸರಿದವು.

ಕೇಂದ್ರದಿಂದ ನಫೀಸಾ ಮೇಡಂ ಸ್ಕೂಟರಿನಲ್ಲಿ ಬಂದಳು. ಗಂಗೊಳ್ಳಿಯ ಹುಡುಗಿ, ಪಾಚಿಯ ಮೇಲೆ ದೊಡ್ಡ ಓದು ಓದಿದವಳು, ಮಾತು ಮಾತ್ರ ನಮ್ಮವರ ಹಾಗೆ.

"ಅಮ್ಮ, ಕೇಂದ್ರದ್ ಗೋಡೆ ಮೇಲೆ ನಿಮ್ಮನೆ ಚುಕ್ಕೆ ಕೆಂಪಾಯ್ತ್! ನೀರ್ ಯಾರ್ ನಿಲ್ಸದ್ದ್?"

ಅವಳೇ ಹುಡುಕಿ ಪಂಚೆ ಬಿಚ್ಚಿದಳು. ನೀರು ಹೋ ಎಂದು ಸುರಿಯಿತು. ಜಲಜಾಕ್ಷಿ ಆ ಪಂಚೆಯನ್ನು ಕಸಿದು ಎತ್ತಿ ಹಿಡಿದಳು. ನಾಚಿಕೆಯಾಗಬೇಕಾದವಳ ಮುಖದಲ್ಲಿ ಗೆಲುವಿತ್ತು.

"ಕಾಣಿ ಮೇಡಂ! ಇದೆಲ್ಲ ಒಳ್ಗಿನ್ ಟ್ಯಾಂಕಿಯಿಂದ ಬಂದದ್ದ್. ನಾ ಕಟ್ಟದಿದ್ರೆ ನನ್ನ ಕಥೆ ಎಂತ ಆತಿತ್ತ್?"

"ನನ್ನ ಮಕ್ಕಳ್ ಉಸ್ರ್ ಕಟ್ಟಿ ಸಾಯ್ತಿದ್ವಲೆ ಅಕ್ಕ!" ಸೌಪರ್ಣಿಕಾ ಚಿಮಟ ಹಿಡಿದೇ ಓಡಿ ಬಂದಿದ್ದಳು. ಮಕ್ಕಳು ಎಂದರೆ ಹವಳದ ಮರಿಗಳು. "ನೀವೇ ತಂದ್ ಹಾಕ್ತ್ರಿ ಕಾಂತತ್ತ್ ನನ್ ಟ್ಯಾಂಕಿಗೆ. ಇಲ್ದಿರೆ ತೆಗ್ದ್ ತೆಗ್ದ್ ಹ್ಯಾಂಗೆ ಬತ್ತ್?"

"ನಾನಾ? ನಿನ್ ಟ್ಯಾಂಕಿ ಮುಟ್ಟುಕೆ ನಂಗೆ ಅಸಹ್ಯ ಆತ್ತ್."

"ಮತ್ತೆ ದಿನಾ ಬಗ್ಗಿ ಬಗ್ಗಿ ಉಂಡೆ ಲೆಕ್ಕ ಮಾಡುದ್ ಯಾರ್, ದೆವ್ವವಾ?"

ನಫೀಸಾ ಎರಡು ಕೈ ಎತ್ತಿದಳು. ಪಂಚೆಯ ನಯವನ್ನು ಒಂದು ಸೀಸೆಗೆ ಹಾಕಿಕೊಂಡಳು. ಆಮೇಲೆ ಚಾವಡಿಯ ಗರಿಯನ್ನು ತುಸು ಹೊತ್ತು ನೋಡುತ್ತ ನಿಂತಳು. ಅದರ ತುದಿಯನ್ನೂ ಚಿವುಟಿ ಇನ್ನೊಂದು ಸೀಸೆಗೆ ಹಾಕಿದಳು. ಜಲಜಾಕ್ಷಿ ತನ್ನ ಕಿವಿ ಚಿವುಟಿದ ಹಾಗೆ "ಆ" ಎಂದಳು.

"ನಾಳೆ ಕೇಂದ್ರಕ್ಕೆ ಬನ್ನಿ. ಮೂವರೂ," ಎಂದು ನಫೀಸಾ ಹೋದಳು.

ಕೇಂದ್ರದ ಒಳಗಿನ ಕೋಣೆ ತಣ್ಣಗಿತ್ತು. ಒಂದು ಇಡೀ ಗೋಡೆಯ ಮೇಲೆ ನಮ್ಮ ಕೋಡಿಯ ನಕ್ಷೆ, ಮನೆಗೊಂದು ಬೆಳಕಿನ ಚುಕ್ಕೆ. ಹಸಿರು, ಹಳದಿ, ಅಲ್ಲೊಂದು ಇಲ್ಲೊಂದು ಕೆಂಪು. ಸೊಸೆಯಂದಿರು ಒಂದೇ ಬೆಂಚಿನ ಎರಡು ತುದಿಗೆ ಕುಳಿತರು. ನಡುವೆ ನಾನು, ಸಂತೆಗೆ ಹೊರಟ ಬಸ್ಸಿನ ಬುಟ್ಟಿಯ ಹಾಗೆ.

ನಫೀಸಾಳ ಮುಂದೆ ಅಕ್ಕಿಡಬ್ಬಿಯಷ್ಟು ದೊಡ್ಡ ಯಂತ್ರವಿತ್ತು. ದೀಪ ನೋಡುವುದು ಹೊರಗಿನ ಬಣ್ಣ, ಆಕಾರ. ಇದು ಪಾಚಿಯನ್ನು ಅರೆದು ಅದರ ವಂಶದ ಗುರುತನ್ನೇ ಓದುತ್ತದೆ ಎಂದಳು. ಪಂಚೆಯ ನಯವನ್ನು ಕೊಟ್ಟಳು. ಪರದೆಯಲ್ಲಿ ಅಕ್ಷರಗಳ ಸಾಲು ಬಂತು. ಚಾವಡಿಯ ಗರಿಯನ್ನು ಕೊಟ್ಟಳು. ಇನ್ನೊಂದು ಸಾಲು ಬಂತು. ನನಗೆ ಆ ಅಕ್ಷರ ಓದಲು ಬರುವುದಿಲ್ಲ. ಆದರೆ ಎರಡು ಸಾಲುಗಳು ಒಂದೇ ಅಚ್ಚಿನವು ಎಂದು ತಿಳಿಯಲು ಓದಬೇಕಾಗಿರಲಿಲ್ಲ.

"ಸೀಸೆ ಅದಲುಬದಲು ಆಯ್ತಾ?" ಎಂದು ಸೌಪರ್ಣಿಕಾ ಕೇಳಿದಳು.

"ನಾನೂ ನಿನ್ನೆ ಹಾಂಗೇ ಅಂದ್ಕಂಡೆ. ನಿನ್ನೆಯೇ ಮೂರ್ ಸಲ ಮಾಡಿ ಕಂಡೆ," ಎಂದು ನಫೀಸಾ ಕುರ್ಚಿ ತಿರುಗಿಸಿದಳು. "ಇದ್ ಎರಡ್ ಪಾಚಿ ಅಲ್ಲ. ಒಂದೇ. ಗರಿ ತಾಯಿ. ಅದ್ರ್ ಮಕ್ಕಳ್ ಉಂಡೆ. ಉಂಡೆಯ ಮಕ್ಕಳ್ ಮತ್ತೆ ಗರಿ. ಒಂದ್ ತಲೆಮಾರಿಗೆ ಒಂದ್ ಆಕಾರ. ಹಿಂದೆ ಓದಿದವ್ರೂ ಎರಡ್ ಹೆಸ್ರ್ ಕೊಟ್ಟ್ ಮೋಸ ಹೋಗಿದ್ರ್. ದೀಪಕ್ಕೆ ನಾವ್ ಎರಡ್ ಹೆಸ್ರ್ ಬೇರೆ ಬೇರೆಯಾಗಿ ಕಲ್ಸಿ, ಸಂಬಂಧ ಹೇಳ್ಕೊಡುಕೆ ಮರ್ತಿತ್. ತಪ್ಪ್ ನಮ್ದ್. ಇವತ್ತ್ ಸರಿ ಮಾಡ್ತೆ."

ಬೆಂಚು ಅಲುಗಿತು. ಸೌಪರ್ಣಿಕಾ ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

"ಅಂದ್ರೆ..." ಜಲಜಾಕ್ಷಿಯ ದನಿ ಇಳಿದಿತ್ತು. "ನನ್ ಗರಿಯಿಂದವಾ?"

"ಹೌದು ಅಕ್ಕ. ಗರಿ ಬೀಜ ಬಿಟ್ಟ್, ನೀರಂಗೆ ಇಳ್ದ್, ಒಳ್ಗಿನ್ ಟ್ಯಾಂಕಿಯಂಗೆ ಉಂಡೆ ಆಯ್ತ್. ಬುಡ ಸಮೇತ ತೆಗೀಕ್. ತೆಗೀದಿದ್ರೆ ನಿಮ್ಮನೆ ಕಲ್ಲ್ ಕಡಲಿಗೆ ಹೋಪುದಿಲ್ಲ. ಅಲ್ಲಿ ಹಬ್ಬಿದ್ರೆ ಕತೆ ಮುಗೀತ್."

ಮನೆಗೆ ಬಂದು ಜಲಜಾಕ್ಷಿ ಟ್ಯಾಂಕಿಯ ಮುಂದೆ ಬಹಳ ಹೊತ್ತು ಕುಳಿತಳು. ಲುಂಗಿ ತೆಗೆದಿಟ್ಟಿದ್ದಳು. ಗರಿ ಎಂದಿನ ಹಾಗೆ ಬಾಗುತ್ತಿತ್ತು. ಸೌಪರ್ಣಿಕಾ ಒಳಗಿನಿಂದ ಬಂದು ಚಿಮಟವನ್ನು ಟ್ಯಾಂಕಿಯ ಅಂಚಿನ ಮೇಲೆ ಇಟ್ಟು ಹೋದಳು. ಅದು ಸಹಾಯವೋ ಚುಚ್ಚುಮಾತೋ ಎಂದು ನನಗೆ ತಿಳಿಯಲಿಲ್ಲ. ಜಲಜಾಕ್ಷಿಗೂ ತಿಳಿದಿರಲಾರದು. ಚಿಮಟ ಮುಟ್ಟದೆ, ಬರಿಗೈ ಹಾಕಿ ಬುಡಸಮೇತ ಕಿತ್ತಳು. ಕೈಯೆಲ್ಲ ಅದೇ ಟಿಂಚರಿನ ವಾಸನೆ. ನೀರಿನಿಂದ ತೆಗೆದ ಗರಿ ಒದ್ದೆ ಕೂದಲಿನ ಮುದ್ದೆಯಾಯಿತು. ಅದರ ಕೆಳಗಿನ ಕಲ್ಲು ಬೋಳಾಗಿತ್ತು; ಒಂದು ಮರಿಯೂ ಕಾಲೂರಿರಲಿಲ್ಲ.

ಒಳಗಿನ ಕಲ್ಲಿನ ಕಥೆ ಬೇರೆ. ಹುಣ್ಣಿಮೆಯ ಹಿಂದಿನ ದಿನ ನಫೀಸಾ ಕಡೆಯ ತಪಾಸಣೆಗೆ ಬಂದಳು. ಚಾವಡಿಯ ಬೋಳು ಕಲ್ಲನ್ನು ನೋಡಿ ಒಳಗೆ ಹೋಗಿ ದೀಪ ಹಿಡಿದವಳು "ಮಾಶಾ ಅಲ್ಲಾಹ್" ಎಂದಳು. ದಿನಾ ಉಂಡೆ ಕಿತ್ತು ಕಿತ್ತು ಸೌಪರ್ಣಿಕಾ ಆ ಕಲ್ಲನ್ನು ಎಷ್ಟು ಚೊಕ್ಕ ಇಟ್ಟಿದ್ದಳೆಂದರೆ ಕಲ್ಲಿಡೀ ಸುಣ್ಣಗೆಂಪು ಹರಡಿತ್ತು. ಅದರ ಮೇಲೆ ಹವಳದ ಎಳೆಮರಿಗಳು, ಸಾಸಿವೆ ಸಿಡಿದು ಬಿದ್ದ ಹಾಗೆ.

"ಈ ಕಲ್ಲ್ ಕಡಲಿಗೆ ಹೋತ್ತ್," ಎಂದಳು ನಫೀಸಾ.

ಸೌಪರ್ಣಿಕಾ ಕುಣಿಯುವುದೊಂದು ಬಾಕಿ. ಜಲಜಾಕ್ಷಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಒಂದ್ ಮಾತ್ ಮೇಡಂ. ಆ ಕಲ್ಲ್ ನಂದ್. ಪಾಲ್ ಮಾಡುವತಿಗೆ ನಾನೇ ಇವ್ಳಿಗೆ ಕೊಟ್ಟದ್ದ್."

"ಕರಿ ಕಲ್ಲ್, ಕಾಂಬುಕೆ ಆತಿಲ್ಲೆ ಅಂತ ಕೊಟ್ಟದ್ದ್ ಅಕ್ಕ!"

"ಕೊಟ್ಟದ್ದ್ ಹೌದಾ ಅಲ್ದಾ? ಮತ್ತೆ ನನ್ ಗರಿ ಬೀಜ ಬಿಡದಿದ್ರೆ ನೀ ಆ ಕಲ್ಲ್ ಮುಟ್ತಿದ್ಯಾ? ನಿನ್ನ ಚೊಕ್ಕ ಯಾರಿಂದ ಬಂದದ್ದ್?"

"ಹೌದಾ? ಹಂಗಾರೆ ಪಂಚೆ ಕಟ್ಟಿ ಕೊಲ್ಲುಕೆ ಹೊರ್ಟದ್ದಕ್ಕೂ ಒಂದ್ ಹಾರ ಹಾಕ್ಲಾ?"

"ಹಿರಿಯವಳ್ ನಾನ್. ದೋಣಿಗೆ ನಾನೇ ಹೋಯ್ಕ್."

"ಸಾಕಿದವಳ್ ನಾನ್!"

ನಫೀಸಾ ಕೈಯಲ್ಲಿದ್ದ ಲೆಕ್ಕದ ಪರದೆ ನೋಡುತ್ತ ಹುಬ್ಬು ಗಂಟಿಕ್ಕಿದಳು. "ನಿಮಗ್ ಯಾರೂ ಹೇಳ್ಲಿಲ್ಯಾ? ನಾವ್ ಲೆಕ್ಕ ಮಾಡುದ್ ಗಾಜ್ ಕಂಡಲ್ಲ, ನೀರ್ ಕಂಡ್. ಒಂದ್ ಪಂಪಿಗೆ ಒಂದ್ ಕಡಲ್. ನಿಮ್ಮದ್ ಎರಡ್ ಟ್ಯಾಂಕಿ ಅಲ್ಲ, ಒಂದೇ. ಗೋಡೆ ಮೇಲೆ ಚುಕ್ಕೆ ಒಂದೇ ಇದ್ದದ್ದ್ ಕಾಣ್ಲಿಲ್ಯಾ?"

ಇಬ್ಬರೂ ಪೈಪಿನ ಕಡೆ ನೋಡಿದರು.

"ಮತ್ತೆ ಜಾಗ ಯಾರಿಗೆ?" ಎಂದು ಕೇಳಿದ್ದು ಯಾರು ಎಂದು ಹೇಳಲಾರೆ. ಒಟ್ಟಿಗೆ ಕೇಳಿದರು.

"ಪಂಪ್ ಯಾರ್ ಹೆಸ್ರಲ್ಲಿ ಇತ್ತೋ ಅವ್ರಿಗೆ. ನಮ್ಮ ಲೆಕ್ಕಕ್ಕೆ ಸಾಕಿದವ್ರ್ ಅವ್ರೇ." ನಫೀಸಾ ನನ್ನ ಕಡೆ ತಿರುಗಿದಳು. "ಅಮ್ಮ, ನಿಮ್ಮ ಹೆಸ್ರಲ್ಲಿ ಇತ್ತ್. ನೀವ್ ಬೇಕಾರ್ ಬೇರೆಯವ್ರನ್ನ ಕಳ್ಸುಕೂ ಆತ್ತ್. ಯಾರನ್ನ ಕಳಿಸ್ತ್ರಿ?"

ನಾನು ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು ಮೀನಿಲ್ಲದ ಸಾರಿಗೆ ಕಾಯಿ ತುರಿಯುತ್ತಿದ್ದೆ. ತುರಿಮಣೆ ನಿಲ್ಲಿಸಿದೆ. ಇಬ್ಬರ ಕಣ್ಣು ನನ್ನ ಮೇಲೆ. ಜಲಜಾಕ್ಷಿ ನನ್ನ ಸಣ್ಣ ಜ್ವರದಿಂದ ಹಿಡಿದು ಮೊಣಕಾಲು ನೋವಿನವರೆಗೆ ನೋಡಿದವಳು. ಸೌಪರ್ಣಿಕಾ ಹಬ್ಬಕ್ಕೆ ತವರಿಗೆ ಹೋದರೂ ನನಗೆ ಎಲೆ ಅಡಿಕೆ ತರಲು ಮರೆಯದವಳು. ಯಾರ ಹೆಸರು ಹೇಳಿದರೂ ಇನ್ನೊಬ್ಬಳು ಆ ಹೆಸರನ್ನು ನನ್ನ ತಿಥಿಯ ದಿನವೂ ನೆನೆಸಿಕೊಳ್ಳುತ್ತಾಳೆ. ಅದು ಒಂದು. ಆದರೆ ನಿಜ ಹೇಳುವುದಾದರೆ ನನಗೆ ಆ ಹೊತ್ತಿಗೆ ನೆನಪಾದದ್ದು ಇವರಿಬ್ಬರೂ ಅಲ್ಲ. ಬೈಂದೂರಿನ ದಾರಿ, ಇಳಿಸಿದ ಬುಟ್ಟಿ, ನೀರಿನ ನಡುವಿನ ಆ ಎಮ್ಮೆಯ ಬೆನ್ನು.

"ನಾನೇ ಬತ್ತೆ," ಎಂದೆ.

"ಅತ್ತೆ!" ಎಂದರು ಇಬ್ಬರೂ.

ಆ ಸಂಜೆ ಬಹಳ ಕಾಲದ ಮೇಲೆ ನನ್ನ ಸೊಸೆಯಂದಿರು ಒಂದೇ ಮೆಟ್ಟಿಲ ಮೇಲೆ ಒತ್ತಾಗಿ ಕುಳಿತು ಮಾತಾಡಿದರು.

"ಈ ಪ್ರಾಯದಂಗೆ ಅತ್ತೆಗೆ ಎಂತ ಆಸೆ ಕಾಣ್ ಮರಾಯ್ತಿ."

"ಒಂದ್ ದಿನ ಚಿಮಟ ಹಿಡದ್ದಿಲ್ಲೆ ಅಕ್ಕ, ಒಂದ್ ದಿನ!"

"ದೀಪ ಹ್ಯಾಂಗೆ ಹೊತ್ಸುದ್ ಅಂತ ಗೊತ್ತಿಲ್ಲೆ."

"ದೋಣಿ ಹತ್ತುವತಿಗೆ ಕಾಲ್ ನಡುಗತ್ತ್ ಕಾಣಿ. ಆಗ ಗೊತ್ತಾತ್ತ್."

ನನಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಸಾರಿಗೆ ಒಗ್ಗರಣೆ ಹಾಕಿದೆ.

ಮರುದಿನ ಕಾಲು ನಡುಗಿದ್ದು ಹೌದು. ಶೀನ ತೋಳು ಹಿಡಿದು ಹತ್ತಿಸಿದ. ಬೇರೆ ಮನೆಯ ಹೆಂಗಸರೂ ಇದ್ದರು. ಎಲ್ಲರ ಕಾಲ ಬಳಿ ಒಂದೊಂದು ಉಪ್ಪುನೀರಿನ ಪೆಟ್ಟಿಗೆ, ಅದರೊಳಗೆ ಕಲ್ಲು. ನಮ್ಮ ಕರಿ ಕಲ್ಲು ಗುಲಾಬಿಯಾಗಿ ನನ್ನ ಪಾದದ ಹತ್ತಿರವಿತ್ತು. ಅದನ್ನು ಹೊತ್ತು ತಂದು ಇಟ್ಟದ್ದು ಸೊಸೆಯಂದಿರೇ, ಆಚೆ ತುದಿ ಒಬ್ಬಳು, ಈಚೆ ತುದಿ ಒಬ್ಬಳು. ಇಡುವಾಗ "ಅಲ್ಲಿ ಮುಟ್ಬೇಡಿ ಅತ್ತೆ", "ಇಲ್ಲಿ ಹಿಡೀಬೇಡಿ ಅತ್ತೆ" ಎಂದು ಇಬ್ಬರೂ ಬೆದರಿಸಿದರು.

ದೋಣಿ ದಡ ಬಿಟ್ಟಿತು. ಎಮ್ಮೆಯ ಬೆನ್ನು ದೊಡ್ಡದಾಗುತ್ತ ಬಂತು. ಹತ್ತಿರದಿಂದ ಅದು ಎಮ್ಮೆಯ ಹಾಗೆ ಕಾಣುವುದೇ ಇಲ್ಲ, ಹಕ್ಕಿಯ ಹಿಕ್ಕೆಯಿಂದ ಬೆಳ್ಳಗಾದ ಬರೀ ಬಂಡೆ. ಆದರೂ ನಾನು ಕಣ್ಣು ತೆಗೆಯಲಿಲ್ಲ. ಆಮೇಲೆ ಒಮ್ಮೆ ಹಿಂದಕ್ಕೆ ನೋಡಿದೆ. ದಡದಲ್ಲಿ ಇಬ್ಬರು ಒಂದೇ ಕೊಡೆಯ ಕೆಳಗೆ ನಿಂತಿದ್ದರು. ಒಬ್ಬಳದು ಎಡಗೈ, ಒಬ್ಬಳದು ಬಲಗೈ ಸೊಂಟದ ಮೇಲಿತ್ತು. ಅಷ್ಟು ದೂರದಿಂದ ಹಿರಿಯವಳು ಯಾರು, ಕಿರಿಯವಳು ಯಾರು ಎಂದು ಗುರುತು ಸಿಗಲಿಲ್ಲ.

ನಫೀಸಾ ತಿದ್ದಿ ಕೊಟ್ಟ ದೀಪ ನನ್ನ ಮಡಿಲಲ್ಲಿತ್ತು. ಅವರ ಕಡೆ ಹಿಡಿದಿದ್ದರೆ ಈಗ ಅದು ಇಬ್ಬರಿಗೂ ಒಂದೇ ಹೆಸರು ಹೇಳುತ್ತಿತ್ತು.